ಲೋಟದಾಚೆಯ ಮುಖ

೧೪-೧-೫೮, ಸಂಕ್ರಾಂತಿ

...ಅಂದರೆ ಬೆಳಕು ಕಣ್ಣೊಳಗೆ ಬರುವುದೇನೋ ಬರುತ್ತದೆ, ಪೊರೆಯಲ್ಲಿ ಚದುರಿಹೋಗುತ್ತದೆ. ಸ್ಕ್ಯಾಟರಿಂಗ್. ಇಲ್ಲ, ಪೊರೆಯೇ ಬೆಳಕನ್ನು ನುಂಗುವ ಅಬ್ಸಾರ್ಪ್ಷನ್ನೋ? ಇಂಟರ್‌ಮೀಡಿಯೆಟ್‌ನಲ್ಲಿ ಓದಿದ್ದು, ಎಲ್ಲ ಕಲಸಿಹೋಗಿದೆ. ನಿನ್ನೆ ಡಾಕ್ಟರು ಹೇಳಿದ್ದಿಷ್ಟು— "ಎರಡು ಕಣ್ಣಲ್ಲೂ ಪೊರೆ. ಪೂರ್ತಿ ಹಣ್ಣಾಗ್ಲಿ ರಾಯರೆ, ಶ್ರಾವಣ ಕಳೀಲಿ, ತೆಗೆಯೋಣ."

ಅಲ್ಲಿಯವರೆಗೆ? ಮಗಳು ವಾರಿಜಳ ಧಾರೆ ನೋಡುತ್ತೇನೋ ಇಲ್ಲವೋ? ಮಾಘ, ಇಲ್ಲವೇ ವೈಶಾಖ ಎನ್ನುತ್ತಾರೆ ಬೀಗರು. ಮಾಘವಾದರೆ ಅವಳ ಬಿ.ಎ. ಪರೀಕ್ಷೆ ಹೋಯಿತು.

ಲೆಕ್ಕ ಹಾಕಿ ನೋಡೋಣವೆಂದು, ಕಣ್ಣಿನ ಬದಲು ಗಾಜಿನ ಲೋಟ, ನೀರು. ಪೊರೆಯ ಬದಲು, ಹಾಲು ಮಾರುವ ಅಕ್ಕಯಮ್ಮ ತಂದ ಹಾಲು— ಇಂಕ್ ಫಿಲ್ಲರಿನಿಂದ ಹನಿಹನಿ. ಲೋಟದ ಮೂಲಕ ನೋಡಿದವಳು ವಾರಿಜಾ. ಎರಡು ಹನಿಗೆ ಪಂಚಾಂಗದ ಸಣ್ಣಕ್ಷರ ಮಸುಕು— ದೀಪಾವಳಿಯಲ್ಲಿ ನನಗೆ ಕಂಡಂತೆ. ಐದಕ್ಕೆ ದಪ್ಪಕ್ಷರ ಮಾತ್ರ— ಈಗ ಕಾಣುವಂತೆ. ಮೂರು ತಿಂಗಳು, ಮೂರು ಹನಿ. ದೇರ್‌ಫೋರ್, ತಿಂಗಳಿಗೊಂದು ಹನಿ.

೨೨-೧-೫೮

ಮುಖ ಎಷ್ಟು ಹನಿಗೆ ಮರೆ? ಲೋಟದಾಚೆ ನಾನೇ ಕುಳಿತೆ.

"ಹನ್ನೆರಡಕ್ಕೆ ಮಾಯ ಆದ್ರಿ ಅಪ್ಪ. ಆ ಮೂಗೂ ಕಾಣಿಸ್ತಿಲ್ಲ!"

ಹಾಗಾದರೆ ಇನ್ನೂ ಏಳು ತಿಂಗಳು! ವೈಶಾಖಕ್ಕೇ ಆಗಲಿ ಎಂದು ಬೀಗರಿಗೆ ಕಾಗದ ಹಾಕಿ ಬಂದೆ.

೨-೨-೫೮, ಬೆಳಿಗ್ಗೆ

ಏನೋ ಅನುಮಾನ. ಮತ್ತೆ ಐದು ಹನಿ ಬಿಟ್ಟೆ. ವಾರಿಜಾ ಸಣ್ಣಕ್ಷರವನ್ನೂ ಗಡಗಡ ಓದಿಬಿಟ್ಟಳು! ಬಾಗಿಲಲ್ಲೇ ಅಕ್ಕಯಮ್ಮನನ್ನು ಹಿಡಿದೆ.

"ಹಬ್ಬದ ದಿವ್ಸ ನೀರು ಸೋಕಿಸ್ನಿಲ್ಲ ಸಾಮಿ. ಮಿಕ್ಕ ದಿನ ಒಂದೀಟು... ಕತ್ರಿಗುಪ್ಪೆ ಬಾವೀದು, ಒಳ್ಳೇ ನೀರು!"

ನನ್ನ ಹೆಂಡತಿ ಸೀತಮ್ಮ ಇದ್ದಿದ್ದರೆ ಹಾಲು ಪಾತ್ರೆಗೆ ಬೀಳುವ ಸದ್ದಿನಲ್ಲೇ ಹಿಡಿಯುತ್ತಿದ್ದಳು. ಹೋಗಿ ನಾಲ್ಕು ವರ್ಷ.

೩-೨-೫೮

ಅಪ್ಪಟ ಹಾಲು ತರಿಸಿದೆ. ಏಳನೆಯ ಹನಿಗೇ ಮುಖವಿಲ್ಲ. ಐದು ಆಗಲೇ ಆಗಿದೆ. ಉಳಿದದ್ದು ಎರಡು ತಿಂಗಳು. ವೈಶಾಖಕ್ಕೆ ಮೂರು.

"ಪರೀಕ್ಷೆ ಹಾಳಾಗ್ಲಿ, ಮಾಘದಲ್ಲೇ ಮಾಡಿ ಅಪ್ಪ."

"ಬೀಗರಿಗೆ ಬರೆದಾಯ್ತು. ಬಾಯ್ಮುಚ್ಕೊಂಡು ಓದು."

೯-೨-೫೮, ಸಂಜೆ

ಹನ್ನೆರಡು ಹನಿಗೂ ಲೋಟ ಕಪ್ಪಾಗುವುದಿಲ್ಲ, ಬೆಳ್ಳಗೆ ಹೊಳೆಯುತ್ತದೆ. ಅಂದರೆ ಬೆಳಕು ಸಾಯುವುದಿಲ್ಲ, ದಾರಿ ತಪ್ಪುತ್ತದೆ— ಹಾಗೇ ತಾನೆ? ಧಾರೆಯ ದಿನ ಏನೋ ಬೆಳ್ಳಗೆ ಕಂಡೀತು. ಅದು ಮಗಳೋ ಪುರೋಹಿತರೋ ಹೇಗೆ ತಿಳಿಯುವುದು?

ಅದಕ್ಕೇ ಅವಳ ಮುಖವನ್ನು ಈಗಲೇ ಬರೆದಿಟ್ಟುಕೊಳ್ಳುತ್ತಿದ್ದೇನೆ. ಅಗಲ ಹಣೆ. ಹುಬ್ಬು ಸೀತಮ್ಮನದೇ. ನಕ್ಕರೆ ಗುಳಿ ಬೀಳುವುದು ಎಡಗೆನ್ನೆಯಲ್ಲಿ... ಬಲಗೆನ್ನೆಯೋ? ಕಿಟಕಿಯ ಬಳಿ ಕರೆದು ಕೂರಿಸಿದೆ.

"ನಗು."

"ಯಾಕಪ್ಪ?"

ನಗುತ್ತಿಲ್ಲ. ಹಟಮಾರಿ. ನೋಡುತ್ತಲೇ ಇದ್ದಾಳೆ. ಬೆಳಕು ಬೇರೆ ಹೋಗುತ್ತಿದೆ. ಬೇಗ ನಗೇ ತಾಯಿ, ಎಡಗೆನ್ನೆಯೋ ಬಲಗೆ—