ಹಸಿರು ತಂತಿ, ಕಂದು ತಂತಿ

ದಾರ್ಕಾ ಅಕ್ಕಾ,

ನಿನ್ನನ್ನು ಎಬ್ಬಿಸಿ ಹೇಳಲು ನನಗೆ ಮುಖವಿಲ್ಲ. ಅದಕ್ಕೇ ಕೆಲಸಕ್ಕೆ ಹೊರಡುವ ಮೊದಲು ಬರೆಯುತ್ತಿದ್ದೇನೆ.

ನಾವು ಸಂಗೀತ ನುಡಿಸುವ ಆ ಎರಡು ಹಳೆಯ ಆಟದ ಯಂತ್ರಗಳನ್ನು, ಗೇಮ್‌ಬಾಯ್‌ಗಳನ್ನು, ಒಂದೇ ತಾಳಕ್ಕೆ ಕೂಡಿಸುವ ನಿನ್ನ ಪೆಟ್ಟಿಗೆಯನ್ನು ಮತ್ತೆ ಬಿಚ್ಚಬೇಡ. ಅದರಲ್ಲಿ ಏನೂ ಕೆಟ್ಟಿಲ್ಲ. ಈಗಷ್ಟೇ ಮೀಟರ್ ಹಿಡಿದು ನೋಡಿದೆ, ನಿನ್ನ ಬೆಸುಗೆ ಒಂದೂ ಬಿಟ್ಟಿಲ್ಲ. ಕೆಟ್ಟಿದ್ದು ನಾನು ಕತ್ತರಿಸಿ ಬೆಸೆದ ಕೇಬಲ್. "ಅಗ್ಗದ್ದು ಕಣೋ, ಬಣ್ಣ ನಂಬ್ಕೋಬೇಡ, ಒಂದೊಂದೇ ತಂತಿ ಮೀಟರಲ್ಲಿ ನೋಡ್ಕೋ" ಅಂತ ನೀನು ಬಡಕೊಂಡೆ. ನಾನು ಹಳೆಯ ಕೇಬಲಿನಂತೆಯೇ ಇರುತ್ತದೆಂದು ಹಸಿರು ತಂತಿಯನ್ನು ಬೆಸೆದುಬಿಟ್ಟೆ. ಈ ಹೊಸ ಕೇಬಲಿನಲ್ಲಿ ತಾಳ ಹೋಗುವುದು ಕಂದು ತಂತಿಯಲ್ಲಿ.

ನಿನ್ನೆ ವೇದಿಕೆಯ ಮೇಲೆ ಒಂದು ಗೇಮ್‌ಬಾಯ್ ತಾಳ ಸಿಗದೆ ಸುಮ್ಮನೆ ಕೂತಾಗ, ಮೈಕ್ ಹಿಡಿದು "ಏನ್ಮಾಡೋದ್ರಪ್ಪಾ, ನಮ್ಮಕ್ಕನ ಕೈಗುಣ!" ಅಂದವನೂ ನಾನೇ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು "ಎಲ್ಲಿ ತಪ್ಪಿದ್ನೋ ಗೊತ್ತಾಗ್ತಿಲ್ಲ ಬೊಹ್ದಾನ್" ಅಂದೆ. ಕೇಬಲನ್ನು ಮೀಟರಲ್ಲಿ ನೋಡಿಲ್ಲವೆಂದು ಗೊತ್ತಿದ್ದೂ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಅಮ್ಮ ಕಳಿಸಿದ ಪೆರೋಗಿ ಕಡುಬು ಫ್ರಿಜ್ಜಿನಲ್ಲಿದೆ, ಈರುಳ್ಳಿ ಹುರಿದಿಟ್ಟಿದ್ದೇನೆ. ಮೆಟ್ಟಿಲಿನ ಹಿಮ ಎತ್ತಿ ಹಾಕಿದ್ದೇನೆ, ಇವತ್ತು ನಿನ್ನ ಸರದಿ ಅಂತ ಗೊತ್ತು. ಶನಿವಾರದ ಕಾರ್ಯಕ್ರಮದಲ್ಲಿ ಅದೇ ಮೈಕಿನಲ್ಲಿ, ಅದೇ ಜನರ ಮುಂದೆ ನಿಜ ಹೇಳುತ್ತೇನೆ. ನೀನು ಬಾರದಿದ್ದರೂ ಹೇಳುತ್ತೇನೆ.

ಪೆಟ್ಟಿಗೆಯ ಮುಚ್ಚಳದ ಮೇಲಿದ್ದ ನಿನ್ನ ಹೆಸರನ್ನು ಉಜ್ಜಿ ಅಳಿಸಿದ್ದೀಯ. ಬೆಳಿಗ್ಗೆ ನೋಡಿದೆ. ಆ ಕೇಬಲಿನ ಮೇಲೆ ನನ್ನ ಹೆಸರು ಬರೆದಾಯಿತು. ಮಾರ್ಕರ್ ಪೆಟ್ಟಿಗೆಯ ಪಕ್ಕದಲ್ಲೇ ಇದೆ. ನಿನ್ನ ಹೆಸರು ಬರೆಯಲು ನನಗೆ ಕೈ ಏಳಲಿಲ್ಲ, ಅದು ನೀನೇ ಬರೆಯಬೇಕಾದದ್ದು.

ಬೊಹ್ದಾನ್