ಕಪ್ಪು ಬಣ್ಣದ ಹಿಂದಿನ ಹಿಮನದಿ

ಬಳ್ಳಾರಿ, ಫೆಬ್ರವರಿ 30, 2391

ಹಿಮನದಿಗಳನ್ನು ಇನ್ನೂ ಕಣ್ಣಾರೆ ಕಾಣುತ್ತಿರುವ ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ಕುಸುಮಾಕ್ಷಿ, ಇಲ್ಲಿಯ ಚಿತ್ರಕೋಶದಲ್ಲಿ ನೋಟಗಾರ್ತಿ. ಹಳೆಯ ಚಿತ್ರಗಳನ್ನು ಶಂಕಿಸುವುದೇ ನನ್ನ ಉದ್ಯೋಗ. ಉತ್ತರದ ನಗರಗಳಿಗೆ ನೀರು ನುಗ್ಗಿದಾಗ ಹಿಮಾಲಯದ ಗಾಜಿನ ನೆಗೆಟಿವ್‌ಗಳನ್ನೆಲ್ಲ ಈ ಒಣ ಊರಿಗೆ ಸಾಗಿಸಿದ್ದರು.

ಕಳೆದ ತಿಂಗಳು ಹಿಮಾಲಯದ ಸ್ಪಿತಿಯಿಂದ ರಿಗ್ಜಿನ್ ಛೋಡೆನ್ ಎಂಬ ಕುರಿಗಾಹಿ ಮುದುಕಿ ಬಂದಳು. ಅವಳ ಕಣಿವೆಯ ಬರಿನೆಲವನ್ನು, ಎಂದರೆ ಹಿಮ ಕರಗಿ ಹೊರಬಿದ್ದ ಭೂಮಿಯನ್ನು, ಸುತ್ತಲಿನ ಹುಲ್ಲುಗಾವಲಿನ ಸಮೇತ ಗಣಿಗೆ ಕೊಡಲು ಭೂಮಿ ಹಂಚುವ ಮಂಡಳಿ ಹೊರಟಿತ್ತು. ಅಲ್ಲಿ ಜನ ಎಂದೂ ಇರಲಿಲ್ಲ ಎನ್ನುವುದಕ್ಕೆ ಅವರಿಗಿದ್ದ ಸಾಕ್ಷಿ 1866ರ ಒಂದು ಛಾಯಾಚಿತ್ರ. ಬೆಟ್ಟದೆತ್ತರದ ಹಿಮ, ಅದರ ಬುಡದಲ್ಲಿ ಅಳತೆ ತೋರಿಸಲೆಂದು ನಿಲ್ಲಿಸಿದ ಒಬ್ಬ ಕೂಲಿಯಾಳು. ಬೇರೆ ಯಾರೂ ಇಲ್ಲ.

ತನ್ನ ಹಿರಿಯರು ಅಲ್ಲೇ ಬಾಳಿದ್ದರೆಂಬ ಮುದುಕಿಯ ಮಾತನ್ನೇ ಮೊದಲು ಶಂಕಿಸಿದೆ. ಆಮೇಲೆ ಮೂಲ ಗಾಜನ್ನು ತರಿಸಿ ನೋಡಿದೆ. ಆ ಕಾಲದ ಚಿತ್ರಗಳಲ್ಲಿ ಆಕಾಶ ಕಲೆಕಲೆಯಾಗಿ ಮೂಡುತ್ತಿತ್ತು. ಅದನ್ನು ಮುಚ್ಚಲು ಗಾಜಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಿದ್ದರು; ಬಳಿದ ಜಾಗ ಕಾಗದದ ಪ್ರತಿಯಲ್ಲಿ ಅಚ್ಚ ಬಿಳಿಯಾಗಿ ಮೂಡುತ್ತಿತ್ತು. ಇಲ್ಲಿ ಬಣ್ಣ ಆಕಾಶ ದಾಟಿ ಬಲಗಡೆಯ ಇಳಿಜಾರಿಗೂ ಇಳಿದಿತ್ತು.

"ಏನ್ ಹುಡುಕಾಕತ್ತೀರಿ ಅಕ್ಕಾರ? ಖಾಲಿ ಐತಲ್ರೀ," ಎಂದರು ನನ್ನ ಹಿರಿಯ ಸಹೋದ್ಯೋಗಿ ಗವಿಸಿದ್ದಪ್ಪ.

"ಖಾಲಿ ಇದ್ದಿದ್ರ ಚಿತ್ರ ತೆಗೆದವ ಬಣ್ಣ ಯಾಕ ಬಳೀತಿದ್ದ?" ಎಂದೆ.

ಬಣ್ಣ ಕೆರೆದರೆ ಬಿಂಬವೂ ಕಿತ್ತು ಬರುತ್ತದೆ. ಆದರೆ ಆ ಕಾಲದ ಗಾಜಿನ ನೆಗೆಟಿವ್‌ನ ಹಿಂದೆ ಕಪ್ಪು ಇದ್ದರೆ, ಎದುರಿನಿಂದ ಬೆಳಕು ನೆರಳು ಅದಲುಬದಲಾಗದೆ ಚಿತ್ರ ನೇರವಾಗಿಯೇ ಕಾಣುತ್ತದೆ. ಗಾಜನ್ನು ಮೆಲ್ಲಗೆ ಮಗುಚಿ ದೀಪ ಓರೆ ಮಾಡಿದೆ. ಅಡಗಿಸಲೆಂದು ಬಳಿದ ಬಣ್ಣವೇ ಎಲ್ಲವನ್ನೂ ತೋರಿಸಿತು: ಕಲ್ಲಿನ ದೊಡ್ಡಿ, ಮಸುಕಾದ ಕುರಿಗಳು, ನೂಲುತ್ತ ಕೂತ ಒಬ್ಬ ಹೆಂಗಸು.

ದೂರದೇಶದಲ್ಲಿ ಚಿತ್ರ ಕೊಳ್ಳುವವರಿಗೆ ಮನುಷ್ಯರು ಮುಟ್ಟದ ಭವ್ಯ ಹಿಮ ಬೇಕಿತ್ತು. ಕೂಲಿಯವನು ಅಳತೆಗೋಲಾಗಿ ಉಳಿದ, ಮನೆಮಾಡಿಕೊಂಡವಳು ಅಳಿದಳು. ಛಾಯಾಗ್ರಾಹಕನಿಗೆ ಅದು ಸುಳ್ಳೆಂದು ಅನಿಸಿತ್ತೋ ಇಲ್ಲವೋ, ನಾನರಿಯೆ.

ಗಾಜನ್ನು ಕಂಡ ಮಂಡಳಿ ಗಣಿಯ ಯೋಜನೆಯನ್ನು ಕೈಬಿಟ್ಟಿತು. ಛೋಡೆನ್ ಮಾತ್ರ ನಗಲಿಲ್ಲ. ಗಾಜಿನ ಮೇಲೆ ಬಾಗಿ, ಭಾಷಾಂತರಕಾರನ ಮೂಲಕ ಒಂದೇ ಮಾತು ಕೇಳಿದಳು: "ಇವಳ ಹೆಸರೇನು?"

ದಾಖಲೆ ತಿರುವಿದೆವು. ಛಾಯಾಗ್ರಾಹಕನ ಹೆಸರಿತ್ತು, ಶಿಖರಕ್ಕೆ ಅವನಿಟ್ಟ ಹೆಸರಿತ್ತು, ಗಾಜಿನ ಉದ್ದಗಲವೂ ಇತ್ತು. ಅವಳದ್ದಿರಲಿಲ್ಲ.

ಹಿಮ ಕರಗುವ ಮೊದಲು ಸೆರೆಹಿಡಿಯಬೇಕೆಂದು ನೀವೂ ಕ್ಯಾಮೆರಾ ಹೊತ್ತು ಓಡುತ್ತಿದ್ದೀರಿ, ಬಲ್ಲೆ. ನಿಮ್ಮ ಚಿತ್ರಗಳೂ ನನ್ನ ಮೇಜಿನ ಮೇಲಿವೆ. ಅವುಗಳಲ್ಲೂ ಜನ ಕಾಣುತ್ತಿಲ್ಲ. ನಿಜ ಹೇಳಿ, "ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದು ನೀವು ಯಾರಿಗೆ ಹೇಳಿದಿರಿ?