ಹದಿನಾಲ್ಕು ಅಡಿ ಗಂಟೆಹಗ್ಗ

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಇಪ್ಪತ್ತೇಳು ವರ್ಷ ನಿಷ್ಕಳಂಕ ಸೇವೆ ಸಲ್ಲಿಸಿದ ಬಸ್ ಕಂಡಕ್ಟರನಾದ ನಿನ್ನ ಅಪ್ಪ, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ: ನಾನು ಕಳ್ಳ. ಡಿಪೋದ ಹಿಂದೆ ಗುಜರಿಗೆ ನಿಂತಿರುವ ಹಳೆಯ ಬಸ್ಸಿನಿಂದ ಹದಿನಾಲ್ಕು ಅಡಿ ಗಂಟೆಹಗ್ಗವನ್ನೂ ಅದರ ತುದಿಯ ಹಿತ್ತಾಳೆ ಗಂಟೆಯನ್ನೂ ಬಿಚ್ಚಿ, ಊಟದ ಚೀಲದಲ್ಲಿ ಅಡಗಿಸಿ ಮನೆಗೆ ತಂದಿದ್ದೇನೆ. ಗೇಟು ದಾಟುವಾಗ ಚೀಲ ‘ಟಣ್’ ಎಂದಿತು. ಕಾವಲುಗಾರ, “ಏನ್ ಸಾರ್, ಊಟ ಮಾತಾಡ್ತಿದೆ?” ಎಂದ. “ಹಸಿದವರನ್ನ ಕಂಡ್ರೆ ಕೂಗತ್ತಪ್ಪ” ಎಂದು ಜಾರಿಕೊಂಡೆ. ಕಳ್ಳತನದ ಉದ್ದೇಶ ಮಾತ್ರ ಘನವಾದದ್ದು: ವಿಜ್ಞಾನ ಪ್ರಸಾರ. ಅದಕ್ಕೆ ಆಮೇಲೆ ಬರುತ್ತೇನೆ.

ನಿನ್ನ ಕೆಮ್ಮು ಹೇಗಿದೆ? ಮೈಕ್ರೋಸ್ಕೋಪಿಗೆ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ ಎಂದಿದ್ದೆ, ಬಿಟ್ಟಿತೇ? ಇಲಿಯ ಕಿವಿ ನೋಡುವ ಭರದಲ್ಲಿ ಊಟ ಮರೆಯಬೇಡ, ಇಲಿಗಳು ಮರೆಯುವುದಿಲ್ಲ. ನಿನ್ನಮ್ಮ ಆರೋಗ್ಯವಾಗಿದ್ದಾಳೆ. ನನ್ನನ್ನು ಬೈಯುವಾಗ ಮಧ್ಯೆ ಉಸಿರು ತೆಗೆದುಕೊಳ್ಳುವುದಿಲ್ಲ ಎಂದರೆ ಶ್ವಾಸಕೋಶ ಎಷ್ಟು ಗಟ್ಟಿಯಿದೆ ಎಂದು ನೀನೇ ಊಹಿಸು.

ಈಗ ಸುದ್ದಿ. ದೇಹದಾರ್ಢ್ಯ ಪರೀಕ್ಷೆಯಲ್ಲಿ ಪಾಸಾದೆ! ಶುಕ್ರವಾರ ಇಲಾಖೆಯ ಡಾಕ್ಟರು ಕಣ್ಣು ಮುಚ್ಚಿಸಿ ಗೆರೆಯ ಮೇಲೆ ನಡೆಸಿದರು, ಒಂಟಿಕಾಲಿನಲ್ಲಿ ನಿಲ್ಲಿಸಿದರು. ಕೊಕ್ಕರೆ ಕಂಡರೆ ನಾಚಬೇಕು, ಹಾಗೆ ನಿಂತೆ. ನಾಳೆಯಿಂದ ಮತ್ತೆ ಪೂರ್ತಿ ಪಾಳಿ. ಮಗಳೇ, ಇದು ನಿನ್ನ ದಯೆ. ತಮಾಷೆ ಮಾಡದೆ ಬರೆಯುವ ಸಾಲುಗಳು ನನಗೆ ಕಷ್ಟ, ಅದಕ್ಕೇ ಇದೊಂದನ್ನು ಬೇಗ ಬರೆದು ಮುಗಿಸಿದೆ.

ನಿನಗೆ ಗೊತ್ತು, ಇಪ್ಪತ್ತೇಳು ವರ್ಷದಲ್ಲಿ ನಾನು ಬಸ್ಸಿನ ಕಂಬಿ ಹಿಡಿದವನಲ್ಲ. ಒಂದು ಕೈಯಲ್ಲಿ ಟಿಕೆಟ್, ಇನ್ನೊಂದು ಕೈಯಲ್ಲಿ ಚಿಲ್ಲರೆ. ಹಿಡಿಯಲು ಮೂರನೆಯ ಕೈ ಎಲ್ಲಿದೆ? ನಮ್ಮ ಡ್ರೈವರು, ನಿನ್ನ ಬ್ರೇಕ್ ಮಾಮ, ನನ್ನನ್ನು ಬೀಳಿಸಲೆಂದೇ ತಿರುವಿನಲ್ಲಿ ಎಷ್ಟು ಸಲ ಕುಲುಕಿಸಿದ್ದಾನೋ! “ನಿನ್ ಕಾಲಿಗೇನು ಗೋಂದು ಹಚ್ಕೊಂಡಿದೀಯೇನಯ್ಯಾ?” ಎಂದು ಕನ್ನಡಿಯಲ್ಲಿ ಕೇಳುತ್ತಿದ್ದ. ಆಗ ಪುಟ್ಟವಳಾಗಿದ್ದ ನೀನು ಎಂಜಿನ್ ಪಕ್ಕ ಕೂತು ಎರಡನೇ ಸ್ಟಾಪಿಗೇ ಕಕ್ಕುತ್ತಿದ್ದೆ. ಕಂಡಕ್ಟರನ ಮಗಳಿಗೆ ಬಸ್ಸೇ ಆಗದಲ್ಲ ಎಂದು ನಾನು ಅಣಕಿಸುತ್ತಿದ್ದೆ. ಆ ಅಣಕಕ್ಕೆ ಈಗ ಕ್ಷಮೆ ಕೇಳುತ್ತೇನೆ.

ಏಕೆಂದರೆ ಕಳೆದ ತಿಂಗಳು ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ, ಮನೆ ಎಡಕ್ಕೆ ಹೊರಟಿತು. ಹೊರಡು ಎಂದು ನಾನು ಎರಡು ಗಂಟೆ ಹೊಡೆಯದೆಯೇ! “ಮದ್ವೆ ಆದಾಗಿಂದ ಹೇಳ್ತಿದೀನಿ, ನಿಮಗೆ ತಲೆ ತಿರುಗಿದೆ ಅಂತ” ಎಂದಳು ನಿನ್ನಮ್ಮ. ನಕ್ಕಳು, ಆದರೆ ಅವಳ ಮುಖ ಬಿಳಿಚಿಕೊಂಡಿತ್ತು. ಹನ್ನೊಂದು ದಿನ ರಜೆ ಹಾಕಿದೆ. ನಿವೃತ್ತಿಗೆ ಮೂರು ವರ್ಷ ಇರುವಾಗ ಇನ್ನು ಬಸ್ಸು ಹತ್ತಲಾರೆ ಎನ್ನಿಸಿತು. “ಮೇಜಿನ ಕೆಲಸಕ್ಕೆ ಹಾಕಿ” ಎಂದು ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಜನರಿಲ್ಲದ ಕೋಣೆಯಲ್ಲಿ, ಅಲುಗದ ಕುರ್ಚಿಯ ಮೇಲೆ ನಾನು! ಆಗ ನಿನ್ನ ಫೋನು. “ಅಪ್ಪಾ, ಸುಮ್ನೆ ಕೂತಾಗ್ಲೂ ತಿರುಗುತ್ತಾ, ಹೊರಳಿದಾಗ ಮಾತ್ರಾನಾ? ಎಷ್ಟು ಹೊತ್ತು?” ಹೊರಳಿದಾಗ ಮಾತ್ರ, ಅರ್ಧ ನಿಮಿಷ ಎಂದೆ. “ಅರ್ಜಿ ಕೊಡ್ಬೇಡ. ನಾಳೆನೇ ಕಿವಿ ಡಾಕ್ಟರ್ ಹತ್ರ ಹೋಗು.” ತಲೆ ತಿರುಗಿದರೆ ಕಿವಿಗೇಕೆ ಹೋಗಬೇಕು ಎಂದು ನಾನು ಕೇಳಿದ್ದಕ್ಕೆ ನೀನು ಮುಕ್ಕಾಲು ಗಂಟೆ ಪಾಠ ಮಾಡಿದೆ. ನನ್ನಂಥ ದಡ್ಡನ ತಲೆಗೂ ಹತ್ತುವ ಹಾಗೆ.

ಅದನ್ನೇ ನಿನ್ನಮ್ಮನಿಗೆ ನನ್ನ ಭಾಷೆಯಲ್ಲಿ ಹೇಳಿದೆ, ಸರಿಯೇ ನೋಡು. ಒಳಕಿವಿಯ ಜೀವಕೋಶದ ತಲೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಸಣ್ಣ ಕೂದಲುಗಳು. ಗಿಡ್ಡ ಕೂದಲಿನ ತುದಿಯಿಂದ ಪಕ್ಕದ ಉದ್ದ ಕೂದಲಿಗೆ ಬಿಗಿದ ಒಂದು ಎಳೆ. ಅದು ಪ್ರೋಟೀನಿನದು, ನೀನು ಮೂರು ವರ್ಷದಿಂದ ಬೆನ್ನು ಹತ್ತಿರುವುದು ಅದನ್ನೇ. ಸದ್ದು ಬಂದರೆ, ತಲೆ ಅಲುಗಿದರೆ, ಕೂದಲು ವಾಲುತ್ತದೆ, ಎಳೆ ಬಿಗಿಯುತ್ತದೆ, ಅದರ ಬುಡದಲ್ಲಿರುವ ಇನ್ನೊಂದು ಪ್ರೋಟೀನಿನ ಬಾಗಿಲು ತೆರೆಯುತ್ತದೆ. ವಿದ್ಯುತ್ ಹೊತ್ತ ಕಣಗಳು ನುಗ್ಗುತ್ತವೆ, ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಇದು ನಮ್ಮ ಗಂಟೆಹಗ್ಗವಲ್ಲದೆ ಮತ್ತೇನು? ಹಿಂದೆ ನಾನು ಎಳೆದರೆ ಮುಂದೆ ಬ್ರೇಕ್ ಮಾಮನಿಗೆ ಟಣ್. ಒಂದಕ್ಕೆ ನಿಲ್ಲಿಸು, ಎರಡಕ್ಕೆ ಹೊರಡು. ಎಳೆತವೇ ಮಾತು. ನಾನು ಹೊರಗೆ ಹಗ್ಗ ಎಳೆಯುವಾಗ ಒಳಗೆ ಸಾವಿರಾರು ಪುಟಾಣಿ ಕಂಡಕ್ಟರುಗಳು ಸಂಬಳವಿಲ್ಲದೆ ನನಗಾಗಿ ಎಳೆಯುತ್ತಿದ್ದರು. ನಾನೋ, ಎಲ್ಲ ನನ್ನ ಕಾಲಿನ ಪ್ರತಾಪ ಎಂದು ಬೀಗುತ್ತಿದ್ದೆ.

ನನ್ನ ಹಗ್ಗಗಳು ಗಟ್ಟಿಯಾಗಿಯೇ ಇದ್ದವಂತೆ. ಒಳಕಿವಿಯ ಒಂದು ಕೋಣೆಯಲ್ಲಿ ಇರಬೇಕಾದ ಸುಣ್ಣದ ಹರಳುಗಳು ಕಳಚಿ, ಪಕ್ಕದ ಬಳೆಯಾಕಾರದ ಕೊಳವೆಗೆ ನುಗ್ಗಿ, ಅಲ್ಲಿನ ಕೂದಲು ವಾಲುವಂತೆ ಮಾಡಿದ್ದವು. ಟಿಕೆಟ್ಟಿಲ್ಲದೆ ಹತ್ತಿ, ಸುಮ್ಮನೆ ಹಗ್ಗ ಜಗ್ಗುವ ಪುಂಡರು! ಮಿದುಳು ಪಾಪ, ಗಂಟೆ ಕೇಳಿದ ಡ್ರೈವರಿನ ಹಾಗೆ ನಂಬಿಬಿಟ್ಟಿತು. ಡಾಕ್ಟರಮ್ಮ ಮಂಚದ ಅಂಚಿನಿಂದ ನನ್ನ ತಲೆ ಇಳಿಬಿಟ್ಟು ಅತ್ತ ತಿರುಗಿಸಿ, ಇತ್ತ ತಿರುಗಿಸಿ, “ಕಣ್ ಮುಚ್ಬೇಡಿ, ಕಣ್ಣು ಹೇಗೆ ಕುಣಿಯುತ್ತೆ ನೋಡ್ಬೇಕು” ಎಂದರು. ಈ ವಯಸ್ಸಿನಲ್ಲಿ ನನ್ನ ಕಣ್ಣಿನ ಕುಣಿತ ನೋಡುವವರು ಸಿಕ್ಕರಲ್ಲ ಎಂದೆ. ನಿನ್ನಮ್ಮ ಕೆಮ್ಮಿದಳು. ಎರಡೇ ಭೇಟಿ, ಪುಂಡರು ತಮ್ಮ ಸ್ಟಾಪಿನಲ್ಲಿ ಇಳಿದುಹೋದರು. ಅರ್ಜಿ ಹರಿದು ಹಾಕಿದೆ.

ಇಷ್ಟೆಲ್ಲ ನಿನ್ನಮ್ಮನಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಬೇಡವೇ? ಅದಕ್ಕೇ ಆ ಹಗ್ಗ, ಆ ಗಂಟೆ. ಆ ಹನ್ನೊಂದು ದಿನವೂ ನಿನ್ನ ಅಪ್ಪ ಯಾರ ಆಸರೆಯೂ ಇಲ್ಲದೆ, ಏನನ್ನೂ ಹಿಡಿಯದೆ ಓಡಾಡಿದ ಎಂಬುದನ್ನು ನಿನ್ನ ಪ್ರಯೋಗಾಲಯದ ಗೆಳತಿಯರಿಗೆ ಹೇಳಲು ಅಡ್ಡಿಯಿಲ್ಲ.

ನಿನ್ನ ಎಳೆಗಳು ಎಂದೂ ತುಂಡಾಗದಿರಲಿ, ನಿನ್ನ ಬಾಗಿಲುಗಳು ಸಮಯಕ್ಕೆ ತೆರೆಯಲಿ. ಕತ್ತಿಗೆ ಬಿಸಿನೀರಿನ ಶಾಖ ಕೊಟ್ಟುಕೊ.

ಎರಡು ಗಂಟೆ ಹೊಡೆದು,
ನಿನ್ನ ಅಪ್ಪ

ಮರೆತಿದ್ದೆ: ನಿನ್ನಮ್ಮ ಪತ್ರ ಓದಿ, “ನಿಜ ಬರೀತೀರೋ, ನಾನೇ ಫೋನ್ ಮಾಡ್ಲೋ?” ಎಂದು ಬೆನ್ನ ಹಿಂದೆಯೇ ನಿಂತಿದ್ದಾಳೆ, ಅದಕ್ಕೇ ಅವಸರ. ಹಗ್ಗ ಕದ್ದದ್ದು ನಿನ್ನ ಪಾಠಕ್ಕೂ ಒಂಬತ್ತು ದಿನ ಮೊದಲು; ರಜೆಯ ಅರ್ಜಿ ಕೊಡಲು ಅವಳ ಜೊತೆ ಡಿಪೋಗೆ ಹೋದಾಗ. ಮಂಚದಿಂದ ಬಚ್ಚಲಿಗೆ ಸರಿಯಾಗಿ ಹದಿನಾಲ್ಕು ಅಡಿ. ಅಲ್ಲಿಂದಲ್ಲಿಗೆ ಹಗ್ಗ ಬಿಗಿದು, ಅದನ್ನು ಹಿಡಿದೇ ನಡೆಯುತ್ತಿದ್ದೆ. ಒಂದು ಬೆಳಿಗ್ಗೆ ಹಗ್ಗದ ಸಮೇತ ಜೋತುಬಿದ್ದೆ, ತುದಿಯ ಗಂಟೆ ಅಡುಗೆಮನೆಗೆ ಕೇಳುವಂತೆ ಟಣ್ ಎಂದಿತು, ನಿನ್ನಮ್ಮ ಸೋಪಿನ ಕೈಯಲ್ಲೇ ಓಡಿಬಂದು ಎತ್ತಿದಳು. ಅವತ್ತೇ ನಿನಗೆ ಸುದ್ದಿ ಮುಟ್ಟಿಸಿದ್ದೂ ಅವಳೇ. ಅವಳಿಗೂ ನನ್ನ ಕೃತಜ್ಞತೆ. ಎದುರಿಗೆ ಹೇಳಿದರೆ ಕೊಬ್ಬುತ್ತಾಳೆ. ಹಗ್ಗ ಇನ್ನೂ ಬಿಚ್ಚಿಲ್ಲ. ಮತ್ತೆ, ನಿನ್ನೆ ಅಭ್ಯಾಸಕ್ಕೆಂದು ಬಸ್ಸು ಹತ್ತಿದವನು ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡೆ. ಬ್ರೇಕ್ ಮಾಮ ಕನ್ನಡಿಯಲ್ಲಿ ನೋಡಿ, ಕೆಳಗಿಳಿದು ಟೀ ಕುಡಿಯಲು ಹೋದ. ಬಸ್ಸು ಇನ್ನೂ ಹೊರಟೇ ಇರಲಿಲ್ಲ.